ಕಪ್ಪು ಅಂಚಿನ ಮುಖಪುಟ

"ಪಾಪ, ಯಾವಾಗ ತೀರ್ಕೊಂಡ್ರಮ್ಮಾ ಇವ್ರು?"

ಮೆಹಬೂಬ್ ಪಾಷಾ ಹೀಗೆ ಕೇಳಿದಾಗ ಧನಲಕ್ಷ್ಮಿ ಪತ್ರಿಕೆಯ ಕಟ್ಟಿಗೆ ಬಿಗಿದಿದ್ದ ಪ್ಲಾಸ್ಟಿಕ್ ದಾರವನ್ನು ಬಿಡಿಸುತ್ತಿದ್ದಳು. ಯಶವಂತಪುರದ ಆ ಪ್ರೆಸ್ಸಿನಲ್ಲಿ ಬೆಳಿಗ್ಗೆ ಹತ್ತಕ್ಕೇ ಎರಡು ಯಂತ್ರಗಳು ಓಡುತ್ತಿದ್ದವು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ಕೇಳಿಸುತ್ತಿತ್ತು. ಪ್ರೆಸ್ಸಿನ ಯಜಮಾನರಾದ ಪಾಷಾ ಬೇರೆ ಯಾರ ಬಗ್ಗೆಯೋ ಮಾತಾಡುತ್ತಿರಬೇಕು ಅಂದುಕೊಂಡಳು.

"ಯಾರು ಅಂಕಲ್?"

"ಇವ್ರೇ, ನಾಗಸ್ವರದ ತಾತ." ಅವರು ಕಟ್ಟಿನ ಮೇಲಿನ ಪ್ರತಿಯ ಮೇಲೆ ಬೆರಳಿಟ್ಟರು. "ನಿಮ್ಮ ಫೈಲು ಬಂದ ದಿನಾನೇ ಕೇಳ್ಬೇಕು ಅನ್ಕೊಂಡೆ. ಕೆಲ್ಸದ ಗಲಾಟೇಲಿ ಮರ್ತೇ ಹೋಯ್ತು."

"ಅವ್ರು ಇದ್ದಾರೆ ಅಂಕಲ್. ಮೊನ್ನೆ ತಾನೇ ಫೋನಲ್ಲಿ ಮಾತಾಡಿದ್ರು."

ಪಾಷಾ ಮುಖಪುಟವನ್ನು ನೋಡಿದರು, ಅವಳನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಇನ್ನೊಮ್ಮೆ ಮುಖಪುಟವನ್ನು ನೋಡಿದರು.

"ಇದ್ದಾರಾ?" ಎಂದರು, ಯಂತ್ರದ ಸದ್ದಿನಲ್ಲಿ ಹೆಚ್ಚುಕಡಿಮೆ ತುಟಿ ಮಾತ್ರ ಅಲುಗುವಷ್ಟು ಮೆಲ್ಲಗೆ. "ಹಂಗಾದ್ರೆ ಇದ್ಯಾಕಮ್ಮಾ ಹಿಂಗ್ ಮಾಡಿದ್ದೀರ?"

ಧನಲಕ್ಷ್ಮಿ ಮೊದಲ ಸಲ ನೋಡುವವಳಂತೆ ಅದನ್ನು ನೋಡಿದಳು. ಪುಟದ ತುಂಬ ಮಸಿಯಂಥ ಕಪ್ಪು. ಅದರೊಳಗಿಂದ ಮೂಡಿಬಂದ ಒಂದು ಮುದಿ ಮುಖ, ಬಣ್ಣವಿಲ್ಲದ್ದು, ನೇರವಾಗಿ ಓದುಗನ ಕಣ್ಣನ್ನೇ ನೋಡುವಂಥದ್ದು. ಸುತ್ತ ಕೂದಲೆಳೆಯಷ್ಟು ಬಿಳಿಯ ಗೆರೆ. ಕೆಳಗೆ ನಟ್ಟನಡುವೆ 'ವಿದ್ವಾನ್ ಪಿಳ್ಳಣ್ಣ'. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಜನನ ೧೯೪೬'. ಇನ್ನೂ ಕೆಳಗೆ ಅವಳೇ ಎರಡು ದಿನ ಯೋಚಿಸಿ ಬರೆದ ಸಾಲು: 'ಒಂದು ಉಸಿರಿನ ಪಯಣ'.

ಚಂದಾದಾರರ ಪ್ರತಿಗಳು ಬುಧವಾರವೇ ಅಂಚೆಗೆ ಹೋಗಿದ್ದವು. ಇವತ್ತು ಶುಕ್ರವಾರ.

ಧನಲಕ್ಷ್ಮಿಗೆ ಇಪ್ಪತ್ತೆರಡು ವರ್ಷ. ಕೊಡಿಗೇಹಳ್ಳಿಯವಳು, ಸೋಲದೇವನಹಳ್ಳಿಯ ಕಡೆಯ ಒಂದು ಕಾಲೇಜಿನಲ್ಲಿ ವಿನ್ಯಾಸ ಕಲಿಯುತ್ತಿದ್ದಳು. ಕೊನೆಯ ವರ್ಷದ ಅಧ್ಯಯನಕ್ಕೆ ಅವಳು ಆರಿಸಿಕೊಂಡದ್ದು ಸಂಗೀತ ಪತ್ರಿಕೆಗಳ ಪುಟವಿನ್ಯಾಸ. ಅದಕ್ಕಾಗಿ ಸಹಕಾರನಗರದಲ್ಲಿ ಯೋಗಾನಂದ ಎಂಬ ನಿವೃತ್ತ ಅಧ್ಯಾಪಕರು ಮನೆಯ ಮೇಲಂತಸ್ತಿನಿಂದ ನಡೆಸುತ್ತಿದ್ದ 'ಸ್ವರಪಂಕ್ತಿ' ಮಾಸಪತ್ರಿಕೆಗೆ ನಾಲ್ಕು ತಿಂಗಳು ಕೆಲಸಕ್ಕೆ ಬಂದಿದ್ದಳು. ಅವರ ಬೀರುವಿನಲ್ಲಿದ್ದ ಇಪ್ಪತ್ತೆರಡು ವರ್ಷದ ಸಂಚಿಕೆಗಳನ್ನೆಲ್ಲ ನೆಲಕ್ಕೆ ಹರವಿ, ಸ್ಕೇಲು ಹಿಡಿದು ಅಳೆದಳು. ಪತ್ರಿಕೆಯ ಹೆಸರಿನ ಪಟ್ಟಿ ಎಷ್ಟು ಎತ್ತರ, ಪುಟದಲ್ಲಿ ಮುಖದ ಪಾಲು ಎಷ್ಟು, ವಾದ್ಯ ಬಲಕ್ಕೋ ಎಡಕ್ಕೋ, ಕಣ್ಣು ಯಾವ ಕಡೆಗೆ, ಎಷ್ಟು ಬಣ್ಣ. ಕಾಲೇಜಿನ ರಮಾ ಮೇಡಮ್ ತಮ್ಮಲ್ಲಿದ್ದ ಇಂಗ್ಲಿಷ್ ಸಂಗೀತ ಪತ್ರಿಕೆಗಳನ್ನು ಒಂದು ಚೀಲ ಕೊಟ್ಟಿದ್ದರು. ಅವನ್ನೂ ಪಕ್ಕದಲ್ಲಿಟ್ಟುಕೊಂಡು ಹೋಲಿಸಿದಳು. ಅಲ್ಲಿ ದೊಡ್ಡವರೆನಿಸಿಕೊಂಡವರ ಮುಖ ಎಂದರೆ ಬರೀ ಮುಖ, ಬಹುಪಾಲು ಕಪ್ಪುಬಿಳುಪು. ಪತ್ರಿಕೆಯ ಹೆಸರನ್ನೇ ತಲೆ ಮರೆಮಾಡಿದ್ದರೂ ಚಿಂತೆಯಿಲ್ಲ. 'ಸ್ವರಪಂಕ್ತಿ'ಯಲ್ಲಿ ರೇಷ್ಮೆ ಸೀರೆ, ಜರಿ ಶಾಲು, ಹಿಂದೆ ಸಭಾಂಗಣದ ಕೆಂಪು ಪರದೆ, ನಾಲ್ಕು ಮೂಲೆಯಲ್ಲೂ ನಾಲ್ಕು ಲೇಖನದ ಹೆಸರು.

ಅಳೆಯುತ್ತ ಹೋದಂತೆ ಇನ್ನೊಂದು ವಿಷಯ ಕಂಡಿತು. ಇನ್ನೂರ ಅರವತ್ನಾಲ್ಕು ಮುಖಪುಟಗಳಲ್ಲಿ ಗಾಯಕರಿದ್ದರು, ವೀಣೆಯವರಿದ್ದರು, ಪಿಟೀಲಿನವರು, ಕೊಳಲಿನವರು, ಮೃದಂಗದವರಿದ್ದರು. ನಾಗಸ್ವರದವರು ಒಬ್ಬರೂ ಇರಲಿಲ್ಲ. ಒಳಪುಟಗಳಲ್ಲಿ ಅಲ್ಲಲ್ಲಿ ಇದ್ದರು, ಯಾವಾಗಲೂ ಪುಟದ ಅಡಿಯಲ್ಲಿ, ಬೆರಳಗಲದ ಚಿತ್ರದಲ್ಲಿ. ಕೆಳಗೆ 'ಮಂಗಳವಾದ್ಯದೊಂದಿಗೆ ಕಾರ್ಯಕ್ರಮ ಆರಂಭವಾಯಿತು' ಎಂಬ ಸಾಲು. ಹೆಸರಿಲ್ಲ.

ಇದನ್ನು ಅವಳು ಯೋಗಾನಂದರ ಮುಂದಿಟ್ಟ ಮೂರನೆಯ ದಿನ ಅವರು, "ರಾಜಾನುಕುಂಟೆಯಲ್ಲಿ ಪಿಳ್ಳಣ್ಣ ಅಂತ ಇದ್ದಾರೆ. ಹೋಗಿ ಮಾತಾಡು. ಮುಂದಿನ ಮುಖಪುಟ ಅವರದೇ. ನೀನೇ ಮಾಡು" ಎಂದರು.

ಹೋದಳು. ಎಪ್ಪತ್ತೊಂಬತ್ತು ವರ್ಷದ ಪಿಳ್ಳಣ್ಣ ಇಡೀ ಬೆಳಿಗ್ಗೆ ಅವಳಿಗಾಗಿ ಊದಿದರು. ನೂರಾರು ಫೋಟೋ ತೆಗೆದಳು. ಯಾವುದನ್ನು ನೋಡಿದರೂ ಹಿಂದೆ ಮಡಚಿಟ್ಟ ಪ್ಲಾಸ್ಟಿಕ್ ಕುರ್ಚಿ, ನೀರಿನ ಡ್ರಮ್ಮು, ಹಗ್ಗದ ಮೇಲೆ ಒಣಗುವ ಟವೆಲು. ಊದಿ ಮುಗಿಸಿ ಸುಮ್ಮನೆ ಕೂತಿದ್ದಾಗ ತೆಗೆದ ಒಂದೇ ಒಂದು ಅವಳಿಗೆ ಹಿಡಿಸಿತು. ಅದನ್ನು ಮುಖಕ್ಕೆ ಕತ್ತರಿಸಿದಳು, ಬಣ್ಣ ತೆಗೆದಳು, ಸುತ್ತಲಿದ್ದುದನ್ನೆಲ್ಲ ಕಪ್ಪಿನಲ್ಲಿ ಮುಳುಗಿಸಿದಳು. ಆ ಸಂಜೆ ಅವಳ ಅಮ್ಮ ಲ್ಯಾಪ್‌ಟಾಪನ್ನು ಬಗ್ಗಿ ನೋಡಿ, "ಯಾರೇ ಇವ್ರು, ಪಾಪ" ಎಂದಿದ್ದಳು. ವಯಸ್ಸಾದವರನ್ನು ಕಂಡು ಹಾಗೆಂದಳೆಂದು ಧನಲಕ್ಷ್ಮಿ ತಿಳಿದಳು.

ಪ್ರೆಸ್ಸಿನ ಬಾಗಿಲಿಗೆ ಬರುವಷ್ಟರಲ್ಲಿ ಯೋಗಾನಂದರ ಫೋನು ಬಂತು.

"ಧನಲಕ್ಷ್ಮಿ, ಎಲ್ಲಿದ್ದೀಯಮ್ಮಾ?"

"ಪ್ರೆಸ್ಸಲ್ಲಿ ಸರ್. ಸರ್, ಮುಖಪುಟ…"

"ಗೊತ್ತಾಯ್ತಾ? ಬೆಳಿಗ್ಗೆಯಿಂದ ಆರು ಜನ ಫೋನ್ ಮಾಡಿದ್ರು. ಯಾವಾಗ ಆಯ್ತು, ಏನಾಗಿತ್ತು ಅಂತ. ನಂಗೆ ಮೊದಲು ಅರ್ಥವೇ ಆಗ್ಲಿಲ್ಲ. ಯಾರೋ ಮುಖಪುಟದ ಫೋಟೋ ತೆಗೆದು ಸಂಗೀತದವರ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಎಲ್ಲರೂ ಕೈ ಮುಗಿತಾ ಇದ್ದಾರೆ."

"ತಪ್ಪು ನಂದು ಸರ್."

"ನಾನೂ ನೋಡಿದ್ನಲ್ಲಮ್ಮಾ ಪ್ರೂಫು. ಮೂರು ಸಲ ನೋಡ್ದೆ. 'ವಿದ್ವಾನ್' ಸರಿಯಾಗಿದ್ಯಾ, ಇಸವಿ ಸರಿಯಾಗಿದ್ಯಾ ಅಂತ. ಅಕ್ಷರ ನೋಡಿದ್ನೇ ಹೊರತು ಪುಟ ನೋಡ್ಲಿಲ್ಲ. ಪಿಳ್ಳಣ್ಣನವರಿಗೆ ಫೋನ್ ಮಾಡ್ತಾ ಇದ್ದೀನಿ, ತೆಗೀತಿಲ್ಲ. ನೀನೇನೂ ಹೋಗ್ಬೇಡ. ಬೈಯ್ತಾರೆ. ನಾನು ನೋಡ್ಕೋತೀನಿ."

ಅವಳು ಆಯ್ತು ಸರ್ ಎಂದಳು. ಪತ್ರಿಕೆಯ ಕಟ್ಟನ್ನು ಪಾಷಾರ ಬಳಿಯೇ ಬಿಟ್ಟು, ಯಲಹಂಕದ ಬಸ್ಸು ಹತ್ತಿದಳು.

ಪಿಳ್ಳಣ್ಣ ಫೋನು ಯಾಕೆ ತೆಗೆಯುತ್ತಿಲ್ಲ ಎಂಬ ಒಂದೇ ಯೋಚನೆ ಜಾಲಹಳ್ಳಿ ದಾಟುವವರೆಗೂ ತಲೆಯಲ್ಲಿ ತಿರುಗುತ್ತಿತ್ತು. ಎಪ್ಪತ್ತೊಂಬತ್ತು ವರ್ಷದ ಜೀವ. ತನ್ನದೇ ಸಾವಿನ ಸುದ್ದಿ ಕೇಳಿ ಎದೆ ಹಿಡಿದುಕೊಂಡು ಕುಸಿದಿದ್ದರೆ? ಆಗ ಆ ಮುಖಪುಟ ತಪ್ಪಾಗಿ ಉಳಿಯುವುದಿಲ್ಲ ಎಂಬ ಮಾತು ತನ್ನಷ್ಟಕ್ಕೆ ಮನಸ್ಸಿಗೆ ಬಂತು. ಅದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ವಾಟ್ಸಾಪ್ ತೆಗೆಯುವ ಧೈರ್ಯ ಬರಲಿಲ್ಲ. ಸೋಮವಾರ ಕಾಲೇಜಿನಲ್ಲಿ ಇದೇ ಮುಖಪುಟವನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿ ಇಪ್ಪತ್ತು ನಿಮಿಷ ಮಾತಾಡಬೇಕಿತ್ತು.

ಯಲಹಂಕದಲ್ಲಿ ಇಳಿದು ದೊಡ್ಡಬಳ್ಳಾಪುರ ರಸ್ತೆಯ ಬಸ್ಸಿಗೆ ನಿಂತಾಗ ಎದುರಿಗೆ ಕರೆಂಟು ಕಂಬಕ್ಕೆ ಕಟ್ಟಿದ್ದ ಒಂದು ಫ್ಲೆಕ್ಸು ಕಾಣಿಸಿತು. ಯಾರೋ ಸ್ಥಳೀಯ ಮುಖಂಡರ ತಂದೆಗೆ ಭಾವಪೂರ್ಣ ಶ್ರದ್ಧಾಂಜಲಿ. ಕಪ್ಪು ಹಿನ್ನೆಲೆ. ಬಣ್ಣವಿಲ್ಲದ ಮುಖ. ಕಣ್ಣು ನೇರ ನೋಡುವವರ ಕಡೆಗೆ. ತೆಳ್ಳನೆಯ ಬಿಳಿ ಅಂಚು. ಹೆಸರು ನಡುವೆ, ಅದರ ಕೆಳಗೆ ಜನನದ ಇಸವಿ. ಅದಾದ ಮೇಲೆ ಇನ್ನೊಂದು ಇಸವಿ, ಅಷ್ಟೇ ವ್ಯತ್ಯಾಸ. ಅವಳ ಕಣ್ಣು ಅಭ್ಯಾಸಬಲದಿಂದ ಅದನ್ನೂ ಅಳೆಯಿತು: ಮುಖ ಫ್ಲೆಕ್ಸಿನ ಮೂರರಲ್ಲಿ ಎರಡು ಪಾಲು. ಎರಡು ತಿಂಗಳು ನೆಲದ ಮೇಲೆ ಮಂಡಿಯೂರಿ ಪತ್ರಿಕೆಗಳನ್ನು ಅಳೆದವಳು ದಿನಾ ಕಾಲೇಜಿಗೆ ಹೋಗುವ ದಾರಿಯ ಕಂಬಗಳನ್ನು ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ.

ರಾಜಾನುಕುಂಟೆಯಲ್ಲಿ ಪಿಳ್ಳಣ್ಣನ ಮನೆಯ ಬೀದಿಗೆ ತಿರುಗಿದ ಕೂಡಲೇ ಅವಳಿಗೆ ಕಂಡದ್ದು ಬಾಗಿಲ ಮುಂದಿನ ಚಪ್ಪಲಿಗಳು. ಹತ್ತು ಹನ್ನೆರಡು ಜೊತೆ. ಮನೆ ಮುಂದೆ ಇಷ್ಟು ಚಪ್ಪಲಿ ಯಾವಾಗ ಸೇರುತ್ತವೆಂದು ಅವಳಿಗೂ ಗೊತ್ತಿತ್ತು. ಕಾಲು ಮುಂದೆ ಇಡಲಾಗದೆ ಅಲ್ಲೇ ನಿಂತಳು. ಕಾಂಪೌಂಡಿನ ಮೇಲೆ ಯಾರೋ ತಂದಿಟ್ಟ ದಪ್ಪನೆಯ ಹಾರವಿತ್ತು. ಪಕ್ಕದ ಮನೆಯ ಮೇಕೆಯೊಂದು ಮುಂಗಾಲೆತ್ತಿ ಅದನ್ನು ಎಳೆಯುತ್ತಿತ್ತು. ಯಾರೂ ಅದನ್ನು ಓಡಿಸುತ್ತಿರಲಿಲ್ಲ.

ಒಳಗಿಂದ ಕೆಮ್ಮು ಕೇಳಿಸಿತು. ಆ ಕೆಮ್ಮು ಅವಳಿಗೆ ಗೊತ್ತಿತ್ತು. ಫೋಟೋ ತೆಗೆದ ದಿನ ರಾಗ ರಾಗದ ನಡುವೆ ಕೇಳಿದ್ದಳು. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಪಿಳ್ಳಣ್ಣ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಬಂದವರು ಗೋಡೆಗೊರಗಿ ಕೂತಿದ್ದರು. ಅಳಲಿಕ್ಕೆಂದು ಬಂದವರು ಈಗ ಏನು ಮಾಡಬೇಕೆಂದು ತೋಚದೆ ಕಾಫಿ ಲೋಟ ಹಿಡಿದು ನೆಲ ನೋಡುತ್ತಿದ್ದರು.

"ಬಾರವ್ವ," ಎಂದರು ಪಿಳ್ಳಣ್ಣ. "ನೀನೂ ನೋಡಕ್ ಬಂದಾ?"

"ತಾತ, ತಪ್ಪಾಗೋಯ್ತು. ನಾನು ಹಂಗೆ ಅನ್ಕೊಂಡು ಮಾಡ್ಲಿಲ್ಲ. ಫೋನ್ ತೆಗೀಲಿಲ್ಲ ಅಂತ ಸರ್ ಗಾಬರಿ ಆಗಿದ್ರು."

"ಎಷ್ಟ್ ಜನಕ್ಕೇಂತ ತೆಗೀಲಿ. ಎತ್ತಿ ಅಲೋ ಅಂದ್ರೆ ಆ ಕಡೆಯೋರು ಎದ್ರಿ ಇಟ್ಬುಡ್ತಾರೆ." ಗೋಡೆ ಪಕ್ಕದವರಲ್ಲಿ ಒಬ್ಬಿಬ್ಬರು ನಕ್ಕರು, ಪಿಳ್ಳಣ್ಣ ನಗಲಿಲ್ಲ. ತೊಡೆಯ ಮೇಲಿದ್ದ ಪತ್ರಿಕೆಯನ್ನು ತಿರುಗಿಸಿ ಅವಳಿಗೆ ತೋರಿಸಿದರು. "ಅದಿರ್ಲಿ. ನನ್ ವಾದ್ಯ ಎಲ್ಲವ್ವ?"

ಅವಳು ಅವರ ಕಾಲ ಬಳಿ ನೆಲದ ಮೇಲೆ ಕೂತಳು.

"ಒಂದ್ ಬೆಳಗ್ಗೆ ಪೂರ್ತಿ ಊದುಸ್ದೆ. ಊದೋದು ಒಂದೂ ಆಕ್ಲಿಲ್ಲ. ಈ ಮುಖ ಯಾರ್ ನೋಡವ್ರೆ ಏಳು? ಅರವತ್ ವರ್ಸ ಕೆನ್ನೆ ಉಬ್ಬುಸ್ಕಂಡೇ ಜನದ್ ಮುಂದೆ ಕೂತಿವ್ನಿ. ಇಂಗ್ ಬಾಯ್ ಮುಚ್ಕಂಡ್ ಕೂತಿರೋ ಪಿಳ್ಳಣ್ಣನ್ನ ಯಾರೂ ಕಂಡಿಲ್ಲ. ಅದುಕ್ಕೇ ಎಲ್ರೂ ಓದ ಅನ್ಕಂಡ್ರು."

"ದೊಡ್ಡೋರ ಫೋಟೋ ಹಂಗೇ ಹಾಕೋದು ತಾತ. ಹೊರಗಡೆ ಪತ್ರಿಕೆಗಳಲ್ಲಿ…" ಎಂದು ಶುರುಮಾಡಿದವಳು ತನ್ನ ಮಾತು ತನಗೇ ಕೇಳಿಸಿ ನಿಲ್ಲಿಸಿದಳು.

ಅಡುಗೆಮನೆಯ ಬಾಗಿಲಲ್ಲಿ ಪಿಳ್ಳಣ್ಣನ ಹೆಂಡತಿ ಮಾರಮ್ಮ ನಿಂತಿದ್ದಳು. ಹೋದ ಸಲ ಬಂದಾಗ ಬೇಡವೆಂದರೂ ಕೇಳದೆ ಎರಡು ಮುದ್ದೆ ಬಡಿಸಿ ಉಣ್ಣಿಸಿದ್ದವಳು. ಈಗ ಅವಳ ಕಣ್ಣು ಧನಲಕ್ಷ್ಮಿಯ ಮುಖದ ಮೇಲಿರಲಿಲ್ಲ.

"ಬೆಳಗ್ಗೆ ನೀರ್ ಇಡಿಯಾಕ್ ಓದೆ," ಎಂದಳು, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ. "ಕೊಳಾಯಿ ತಾವ ಇದ್ದೋರೆಲ್ಲ ನನ್ ಕೈ ನೋಡ್ತಾರೆ. ಬಳೆ ಅದಾವಾ ಇಲ್ವಾ ಅಂತ. ಬಿಂದ್ಗೆ ಅಲ್ಲೇ ಬುಟ್ಟು ಬಂದೆ."

"ಅಜ್ಜಿ," ಎಂದಳು ಧನಲಕ್ಷ್ಮಿ. ಮಾರಮ್ಮ ಒಳಗೆ ಹೋದಳು.

ಆಮೇಲೆ ತಿಳಿದದ್ದು ಇನ್ನೂ ಕೆಟ್ಟದಾಗಿತ್ತು. ಮುಂದಿನ ಭಾನುವಾರ ಅದೇ ಊರಿನ ಬ್ಯಾಟರಾಯಪ್ಪನ ಮೊಮ್ಮಗಳ ಮದುವೆ. ಪಿಳ್ಳಣ್ಣನದೇ ಓಲಗ ಎಂದು ಎರಡು ತಿಂಗಳ ಹಿಂದೆಯೇ ವೀಳ್ಯ ಕೊಟ್ಟಿದ್ದರು. ಅವರ ಮನೆಯಿಂದ ಬೆಳಿಗ್ಗೆ ಪಿಳ್ಳಣ್ಣನ ಜೊತೆ ಬಾರಿಸುವ ಡೋಲಿನವನಿಗೆ ಫೋನು ಹೋಗಿತ್ತು: ಬೇರೆಯವರನ್ನು ಗೊತ್ತುಮಾಡಿದ್ದೇವೆ, ನೀವು ಬರುವುದು ಬೇಡ.

"ನಾನು ಹೋಗಿ ಹೇಳ್ತೀನಿ ತಾತ. ಅವ್ರಿಗೆ ನಡೆದದ್ದು ಗೊತ್ತಾದ್ರೆ…"

"ನೀನೊಬ್ಳೇ ಓದ್ರೆ ಯಾರೋ ಏನೋ ಅಂತಾರೆ. ನಡಿ, ನಾನೂ ಬತ್ತೀನಿ. ಮುಖ ತೋರ್ಸೇ ಬರೋಣ."

ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಿಳ್ಳಣ್ಣ ಹೊರಟರು. ರಸ್ತೆಯಂಚಿನಲ್ಲಿ ಟಿಪ್ಪರ್ ಲಾರಿಗಳ ಧೂಳು ಕುಡಿಯುತ್ತ ಇಬ್ಬರೂ ನಡೆದರು. ಬೀಡಾ ಅಂಗಡಿಯವನು ಅವರನ್ನು ಕಂಡು ಎದ್ದು ನಿಂತ. ಸ್ಕೂಟರಿನ ಮೇಲೆ ಹೋಗುತ್ತಿದ್ದ ಒಬ್ಬ ಹಿಂದಿರುಗಿ ನೋಡುತ್ತ ಇನ್ನೇನು ಮೋರಿಗೆ ಇಳಿಯುವುದರಲ್ಲಿದ್ದ. ಪಿಳ್ಳಣ್ಣ ಯಾರ ಕಡೆಗೂ ತಿರುಗಲಿಲ್ಲ. ಧನಲಕ್ಷ್ಮಿ ಒಂದು ಹೆಜ್ಜೆ ಹಿಂದೆ, ಅವರ ಕಾಲು ಎಡವಿದರೆ ಹಿಡಿಯಬೇಕೆಂದು ಕೈ ಸ್ವಲ್ಪ ಮುಂದೆ ಮಾಡಿಕೊಂಡೇ ನಡೆದಳು.

ಬ್ಯಾಟರಾಯಪ್ಪನ ಮನೆಗೆ ಆಗಲೇ ಸುಣ್ಣ ಬಳಿದಿದ್ದರು. ಅವರು ಗೇಟಿಗೇ ಬಂದರು. ಒರಟರಲ್ಲ, ಕುರ್ಚಿ ಹಾಕಿಸಿದರು, ನೀರು ತರಿಸಿದರು. ಆದರೆ ಅಂಗಳದಲ್ಲೇ ಹಾಕಿಸಿದರು.

"ನಿನ್ನೆ ಸಂಜೆ ಸುದ್ದಿ ಬಂತು ಪಿಳ್ಳಣ್ಣ. ಮನೇಲಿ ಎಲ್ರೂ ಒಂಥರಾ ಆಗೋದ್ರು. ನಾನೇ ಬರೋಣ ಅಂತ ಒಲ್ಟಿದ್ದೆ. ಆಮೇಲೆ ಯಾರೋ ಅಂದ್ರು ಸುಳ್ಳು ಅಂತ."

"ಸುಳ್ಳೇ. ಇಲ್ಲೇ ಕೂತಿವ್ನಲ್ಲ."

"ಕಂಡೆ ಬುಡಿ. ನೂರ್ ವರ್ಸ ಇರಿ ನೀವು." ಬ್ಯಾಟರಾಯಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡರು. "ಮದ್ವೆ ಮನೆ, ಪಿಳ್ಳಣ್ಣ. ಹೆಂಗುಸ್ರು ಒಪ್ತಿಲ್ಲ. ತಾಳಿ ಕಟ್ಟೋ ಒತ್ನಲ್ಲಿ ಊದೋ ವಾದ್ಯ. ಪುಸ್ತಕದಾಗೆ ಇಂಗ್ ಬಂದಿರೋರ ಕೈಲಿ ಎಂಗೆ ಊದ್ಸೋದು ಅಂತಾರೆ."

ಧನಲಕ್ಷ್ಮಿ ಎದ್ದು ನಿಂತಳು. ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಇದ್ದವು: ಹೊರದೇಶದ ಪತ್ರಿಕೆಗಳು, ಕಪ್ಪುಬಿಳುಪಿನ ಗೌರವ, ಇಪ್ಪತ್ತೆರಡು ವರ್ಷದ ಮುಖಪುಟಗಳು. ಅವುಗಳಲ್ಲಿ ಒಂದೂ ಆ ಅಂಗಳದಲ್ಲಿ ಬಾಯಿಗೆ ಬರಲಿಲ್ಲ.

"ಫೋಟೋ ತೆಗ್ದಿದ್ದು ನಾನು, ಬಣ್ಣ ತೆಗ್ದಿದ್ದೂ ನಾನೇ. ತಾತನದು ಇದ್ರಲ್ಲಿ ಏನೂ ಇಲ್ಲ. ನನ್ ತಪ್ಪಿಗೆ ಅವ್ರಿಗೆ ಯಾಕೆ ಇದು?"

ಬ್ಯಾಟರಾಯಪ್ಪ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. "ನೀನ್ ಓದ್ದೋಳು. ನಿಂಗೆ ಅದು ನೋಡಿ ಚೆಂದ ಅನ್ನುಸ್ತು. ನಮ್ಗೆ ಎದೆ ಜಲ್ ಅಂತು. ನಿಂದೂ ಸುಳ್ಳಲ್ಲ, ನಮ್ದೂ ಸುಳ್ಳಲ್ಲ. ಏನ್ಮಾಡೋದವ್ವ? ದೊಡ್ಡಬಳ್ಳಾಪುರದೋರ್ಗೆ ಮಾತು ಕೊಟ್ಟಾಗದೆ."

ಪಿಳ್ಳಣ್ಣ ನೀರಿನ ಲೋಟವನ್ನು ಪೂರ್ತಿ ಕುಡಿದು, ಕೆಳಗಿಟ್ಟು, ಎದ್ದರು. "ಮದ್ವೆ ಚೆನ್ನಾಗಾಗ್ಲಿ" ಎಂದರು.

ಹಿಂದಿರುಗುವಾಗ ಅರ್ಧ ದಾರಿ ಸಾಗಿದ ಮೇಲೆ ಪಿಳ್ಳಣ್ಣ, "ಈ ಮನೇಲಿ ಮೂರ್ ಮದ್ವೆಗೆ ಊದಿವ್ನಿ. ಹುಡ್ಗಿ ನಾಮಕರಣಕ್ಕೂ ನಾನೇ" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಬಸ್ಸು ಬತ್ತದೆ, ಓಗು ನೀನು" ಎಂದರು. ಅವರ ಬೆನ್ನು ನೋಡುತ್ತ ನಿಲ್ಲುವುದು ಬಿಟ್ಟರೆ ಅವಳಿಗೆ ಬೇರೇನೂ ಉಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸಹಕಾರನಗರದ ಕಚೇರಿಯಲ್ಲಿ ಚಂದಾದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತಳು. ಮುನ್ನೂರ ನಲವತ್ತು ಹೆಸರು. ಮುಂದಿನ ತಿಂಗಳ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದರೆ ಸಾಕೆಂದು ಯೋಗಾನಂದರು ಹಿಂದಿನ ಸಂಜೆ ಹೇಳಿದ್ದರು. ಒಂದು ತಿಂಗಳು ಆ ತಾತ ಸತ್ತೇ ಇರಬೇಕಾ ಸರ್ ಎಂದು ಅವಳು ಕೇಳಿದ್ದಳು. ಅವರು, "ಹಾಗಾದ್ರೆ ಅರ್ಧ ನನಗೆ ಕೊಡು" ಎಂದು ಪಟ್ಟಿಯ ಎರಡನೆಯ ಭಾಗವನ್ನು ತೆಗೆದುಕೊಂಡಿದ್ದರು.

ಮೊದಲ ಕರೆಗಳಲ್ಲಿ ಅವಳು ತುಂಬ ವಿವರಿಸಿದಳು. ವಿನ್ಯಾಸ, ಉದ್ದೇಶ, ಕ್ಷಮೆ. ಇಪ್ಪತ್ತನೆಯ ಹೆಸರಿನ ಹೊತ್ತಿಗೆ ಅದೆಲ್ಲ ಉದುರಿ, "ಪಿಳ್ಳಣ್ಣನವರು ಚೆನ್ನಾಗಿದ್ದಾರೆ, ಮುಖಪುಟ ನೋಡಿ ತಪ್ಪು ತಿಳ್ಕೋಬೇಡಿ" ಎಂಬಷ್ಟು ಮಾತ್ರ ಉಳಿಯಿತು. ಕೆಲವರು ಬೈದರು. ಕೆಲವರು ಪತ್ರಿಕೆಯ ಹೊದಿಕೆಯನ್ನೇ ಬಿಚ್ಚಿರಲಿಲ್ಲ, ಅವಳ ಮಾತು ಕೇಳಿಯೇ ಗಾಬರಿಯಾದರು. ಒಬ್ಬರು, ಹಾಗಾದರೆ ಯಾರು ತೀರಿಕೊಂಡದ್ದು ಎಂದು ಮತ್ತೆ ಮತ್ತೆ ಕೇಳಿದರು.

ಹನ್ನೊಂದರ ಸುಮಾರಿಗೆ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಸದ್ದು. ಪಿಳ್ಳಣ್ಣ ಬಂದಿದ್ದರು. ಹೆಗಲಿಗೆ ಉದ್ದನೆಯ ಬಟ್ಟೆಚೀಲ. ಹಿಂದೆ ಮಾರಮ್ಮ.

"ಯೋಗಾನಂದಪ್ಪೋರು ರಾತ್ರಿ ಫೋನ್ ಮಾಡಿದ್ರು, ಎಲ್ರಿಗೂ ಏಳ್ತಾವ್ಳೆ ಅಂತ," ಎಂದರು ಪಿಳ್ಳಣ್ಣ, ಕುರ್ಚಿಯ ಮೇಲೆ ಕೂತು ಏದುಸಿರು ಬಿಡುತ್ತ. "ನೀನ್ ಏಳುದ್ರೆ ಎಷ್ಟ್ ಜನ ನಂಬ್ತಾರೆ? ಕೊಡು ಇಲ್ಲಿ, ನಾನೇ ಏಳ್ತೀನಿ."

ಯೋಗಾನಂದರು ಕೈ ಜೋಡಿಸಿ ಏನೋ ಹೇಳಹೋದರು. ಪಿಳ್ಳಣ್ಣ ಇರಲಿ ಎಂಬಂತೆ ಕೈಯಾಡಿಸಿದರು. ಮಾರಮ್ಮ ಒಳಗೆ ಬರಲಿಲ್ಲ. ಬಾಗಿಲ ಹೊಸ್ತಿಲ ಬಳಿ ಸ್ಟೂಲಿನ ಮೇಲೆ ಕೂತು, "ಇವ್ರನ್ನ ಒಂಟಿಯಾಗ್ ಬಸ್ ಅತ್ಸಕ್ಕೆ ಜೀವ ತಡೀಲಿಲ್ಲ. ಅದ್ಕೇ ಬಂದೆ" ಎಂದು ಬೀದಿಯ ಕಡೆಗೆ ಮುಖ ಮಾಡಿಕೊಂಡಳು. ಧನಲಕ್ಷ್ಮಿ ನೀರು ತಂದು ಪಕ್ಕದಲ್ಲಿಟ್ಟಳು. ಮಾರಮ್ಮ ಅದನ್ನು ಮುಟ್ಟಲಿಲ್ಲ.

ಅವಳು ನಂಬರು ಒತ್ತುವುದು, ಪಿಳ್ಳಣ್ಣ ಮಾತಾಡುವುದು, ಹೀಗೆ ಕೆಲಸ ಸಾಗಿತು. "ನಾನು ಪಿಳ್ಳಣ್ಣ. ಇದ್ದೀನಿ ಸ್ವಾಮಿ. ಆಯ್ತು, ಇಡ್ತೀನಿ." ಅಷ್ಟೇ. ಮೈಸೂರಿನ ಒಬ್ಬ ಹೆಂಗಸು ಅತ್ತುಬಿಟ್ಟಳು. ಹಾಸನದ ಒಬ್ಬರು ಮಗನ ಗೃಹಪ್ರವೇಶಕ್ಕೆ ಬರುತ್ತೀರಾ ಎಂದು ಕೇಳಿ ತಾರೀಕು ಹೇಳಿದರು. ಅದನ್ನು ಧನಲಕ್ಷ್ಮಿ ಪಟ್ಟಿಯ ಅಂಚಿನಲ್ಲಿ ಬರೆದುಕೊಂಡಳು.

ತುಮಕೂರಿನ ವೀರಬಸಪ್ಪ ಎಂಬ ನಿವೃತ್ತ ಮೇಷ್ಟರು ಮಾತ್ರ ಸುಲಭಕ್ಕೆ ಬಿಡಲಿಲ್ಲ. ಅವಳು ಫೋನಿನ ಸದ್ದು ಹೊರಗೆ ಕೇಳುವಂತೆ ಮಾಡಿದಳು.

"ನಿನ್ನೆಯಿಂದ ಮೂರು ಜನ ಹೇಳಿದ್ದಾರೆ, ಹೋದರು ಅಂತ. ಪತ್ರಿಕೆಯೇ ಕೈಲಿದೆ. ನೀವು ಇದ್ದಾರೆ ಅಂತೀರಿ. ನಾನು ಯಾರನ್ನ ನಂಬ್ಲಿ?"

"ನಾನೇ ಸ್ವಾಮಿ ಮಾತಾಡ್ತಿರೋದು, ಪಿಳ್ಳಣ್ಣ."

"ಯಾರು ಬೇಕಾದ್ರೂ ಹಾಗನ್ನಬಹುದಪ್ಪ. ನಾನು ಅವರ ಮಾತು ಕೇಳಿದವನಲ್ಲ. ನಲವತ್ತು ವರ್ಷದ ಹಿಂದೆ ಒಂದೇ ಒಂದು ಸಲ ಅವರ ತೋಡಿ ರಾಗ ಕೇಳಿದ್ದೆ. ಬೆಳಗಿನ ಜಾವ, ಒಂದು ಮದುವೆ ಮನೆಯಲ್ಲಿ. ನನಗೆ ಗೊತ್ತಿರೋದು ಅಷ್ಟೇ. ಆಟ ಆಡಬೇಡಿ, ದಯವಿಟ್ಟು."

ಪಿಳ್ಳಣ್ಣ ಫೋನನ್ನು ಮೇಜಿನ ಮೇಲಿಟ್ಟರು. ಬಟ್ಟೆಚೀಲದ ಲಾಡಿ ಬಿಚ್ಚಿ ನಾಗಸ್ವರವನ್ನು ಹೊರತೆಗೆದರು. ಊದುವ ತುದಿಗೆ ಸಿಕ್ಕಿಸುವ ಓಲೆಯ ಪೀಪಿಯನ್ನು ನಾಲಿಗೆಯಲ್ಲಿ ನೆನೆಸಿ, ಸಿಕ್ಕಿಸಿ, ಎರಡು ಸಲ ಸುಮ್ಮನೆ ಉಸಿರು ಹಾಯಿಸಿ ನೋಡಿದರು. ನಿನ್ನೆಯ ಬಿಸಿಲು, ಇವತ್ತಿನ ಬಸ್ಸು, ಮೆಟ್ಟಿಲು. ಬೇಡ ತಾತ, ಸುಸ್ತಾಗಿದ್ದೀರ ಎಂದು ಹೇಳಲು ಧನಲಕ್ಷ್ಮಿ ಬಾಯಿ ತೆರೆದಳು. ಯೋಗಾನಂದರೂ ಅರ್ಧ ಎದ್ದಿದ್ದರು.

ಮೊದಲ ಸ್ವರ ಒಡೆಯಿತು. ಎರಡನೆಯದು ನಿಂತಿತು. ಆ ಸಣ್ಣ ಕೋಣೆಯಲ್ಲಿ ಅದು ಗೋಡೆಗಳಿಗೆ ಹಿಡಿಸದಷ್ಟು ದೊಡ್ಡದಾಗಿತ್ತು. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಮೇಜಿನ ಮೇಲೆ ಮಲಗಿದ್ದ ಫೋನು ಅಲುಗಾಡಿ ಅಂಚಿನ ಕಡೆಗೆ ಜಾರತೊಡಗಿತು. ಅದರೊಳಗಿಂದ ವೀರಬಸಪ್ಪನವರು ಏನೋ ಹೇಳುತ್ತಿದ್ದರು, ಏನೆಂದು ಕೇಳಿಸಲಿಲ್ಲ.

ಹೊಸ್ತಿಲ ಬಳಿಯಿಂದ ಮಾರಮ್ಮ ಎದ್ದು ಬಂದಳು. ಜಾರುತ್ತಿದ್ದ ಫೋನನ್ನು ಎತ್ತಿಕೊಂಡಳು. ಯಾವುದು ಮೇಲೆ ಯಾವುದು ಕೆಳಗೆಂದು ತಿರುಗಿಸಿ ನೋಡಿ, ಧನಲಕ್ಷ್ಮಿಯ ಕಡೆಗೆ ಚಾಚಿದಳು. ಧನಲಕ್ಷ್ಮಿ ಅದನ್ನು ಸರಿಯಾದ ಕಡೆಗೆ ತಿರುಗಿಸಿ ಅವಳ ಅಂಗೈಯಲ್ಲೇ ಇಟ್ಟಳು. ಮಾರಮ್ಮ ಗಂಡನ ಪಕ್ಕದಲ್ಲಿ ನಿಂತು, ನಾಗಸ್ವರದ ಅಗಲ ಬಾಯಿಯ ಮುಂದೆ ಕೈ ಚಾಚಿ ಅದನ್ನು ಹಿಡಿದಳು. ಸದ್ದಿನ ರಭಸಕ್ಕೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ಬಳೆಗಳು ಮೊಣಕೈಯ ಕಡೆಗೆ ಸರಿದಿದ್ದವು.

ಆ ಕಡೆಯಿಂದ ಈಗ ಮಾತಿರಲಿಲ್ಲ. ಕರೆ ಮಾತ್ರ ಕತ್ತರಿಸಿರಲಿಲ್ಲ. ಅವಳ ಬೆರಳುಗಳ ನಡುವೆ, ಬೆಳಗುವ ಪರದೆಯ ಮೇಲೆ ಸೆಕೆಂಡುಗಳು ಒಂದೊಂದಾಗಿ ಏರುತ್ತಿದ್ದವು.